ಅತ್ತೆಯ ಕಾಲೇಜು

ನಮ್ಮ ಅತ್ತೆ ಎಪ್ಪತ್ತಕ್ಕೆ ಕಾಲಿಡುವ ಹೊತ್ತಿಗೆ ಕಾಲೇಜು ಸೇರಿದರು. ಹಾಗೆಂದು ಬೀದಿಯಲ್ಲೆಲ್ಲ ಸಾರಿಕೊಂಡು ಬಂದವರು ಅವರೇ. ನಿಜದಲ್ಲಿ ಅದು ಚರ್ಚೊಂದರ ನೆಲಮಾಳಿಗೆ. ಕಾಲೇಜಿನ ಹುಡುಗ ಹುಡುಗಿಯರು ವಾರಕ್ಕೆರಡು ಮಧ್ಯಾಹ್ನ ಅಲ್ಲಿಗೆ ಬಂದು ನಮ್ಮ ಮುದುಕ ಮುದುಕಿಯರನ್ನು ಕೂರಿಸಿಕೊಂಡು ಇಂಗ್ಲಿಷ್ ಕಲಿಸುತ್ತಾರೆ, ಅಮೆರಿಕದ ಪೌರತ್ವದ ಪರೀಕ್ಷೆಗೆ ಬೇಕಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಕಲಿಸುವವರು ಕಾಲೇಜಿನವರಾದ ಮೇಲೆ ಅದು ಕಾಲೇಜೇ ಅಲ್ಲವೇ ಎಂಬುದು ಅತ್ತೆಯ ವಾದ. ಅವರ ವಾದಕ್ಕೆ ಎದುರಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಇದರಿಂದ ಏಟು ಬಿದ್ದದ್ದು ನನಗೆ. ಮಧ್ಯಾಹ್ನದ ಹೊತ್ತು ನಾನು ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಮಾಡುತ್ತೇನೆ. ಗಂಡ ಹೋಮನಾಥ ಚಳಿ ಕೊರೆಯುವ ಗೋದಾಮಿನಲ್ಲಿ ತರಕಾರಿ ಪೆಟ್ಟಿಗೆ ಎತ್ತಿಡುತ್ತಾನೆ. ದೊಡ್ಡವಳು ಅಸ್ಮಿ ಎರಡನೆಯ ತರಗತಿ. ಚಿಕ್ಕವನು ಇನ್ನೂ ಗೋಡೆ ಹಿಡಿದು ನಡೆಯುವವನು. ಅವನನ್ನು ನೋಡಿಕೊಂಡು ಸಂಜೆಗೆ ಬೇಳೆ, ಅನ್ನ, ಒಂದು ಪಲ್ಯ ಮಾಡಿಡುವುದು ಅತ್ತೆಯ ಪಾಲಿನ ಕೆಲಸವಾಗಿತ್ತು.

"ಮಗುನ ಯಾರು ನೋಡ್ಕೋತಾರೆ ಅತ್ತೆ?" ಎಂದೆ.

"ನೀನು ಹುಟ್ಟೋಕೆ ಮುಂಚೆ ನಾನು ನಿನ್ನ ಗಂಡನ್ನ ಬೆನ್ನಿಗೆ ಕಟ್ಕೊಂಡು ಏಲಕ್ಕಿ ಬಿಡಿಸ್ತಿದ್ದೆ. ಎ ಬಿ ಸಿ ಡಿ ಏನು ಏಲಕ್ಕಿಗಿಂತ ಭಾರನಾ?"

ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡೇ ಹೋದರು. ಮೊದಲ ವಾರವೇ ಅವನು ಯಾರದೋ ಬಣ್ಣದ ಕಡ್ಡಿ ಅಗಿದು ನೀಲಿ ನಾಲಿಗೆ ಚಾಚಿಕೊಂಡು ಬಂದ. ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. ಅವರಿಗೆ ಅಂದು ಪಾಠ ಹೇಳಲು ಸಿಕ್ಕ ಹುಡುಗಿಯ ವರ್ಣನೆಯೇ ಮುಗಿಯಲೊಲ್ಲದು. ಅವಳ ಹೆಸರು ಕೆಂಡ್ರಾ. ಆಳೆತ್ತರದ ಹುಡುಗಿ, ತಲೆಯ ಒಂದು ಪಕ್ಕ ಪೂರ್ತಿ ಬೋಳು, ಮೂಗಿನ ನಡುವೆ ಬೆಳ್ಳಿಯ ಬುಲಾಕು. ಅತ್ತೆಯದೂ ಬುಲಾಕೇ, ಬಂಗಾರದ್ದು, ಮದುವೆಯ ದಿನ ಹಾಕಿದ್ದು.

"ಅರ್ಧ ತಲೆ ಬೋಳಿಸಿದ್ದಾಳೆ, ಪಾಪ, ಮನೇಲಿ ಯಾರೋ ತೀರ್ಕೊಂಡಿರಬೇಕು," ಎಂದರು ಅತ್ತೆ. "ಆದ್ರೆ ಬುಲಾಕು ಹಾಕಿದ್ದಾಳೆ. ಮರ್ಯಾದಸ್ಥರ ಮನೆ ಹುಡುಗಿ."

ಈ ಮರ್ಯಾದಸ್ಥರ ಮನೆ ಹುಡುಗಿ ಮಗುವಿನ ಅವಸ್ಥೆ ನೋಡಿ ತಾನೇ ನಮ್ಮ ಮನೆಗೆ ಬಂದು ಹೇಳಿಕೊಡತೊಡಗಿದಳು. ಊಟಕ್ಕೆ ಏಳಿಸಿದರೆ ಏಳುತ್ತಿದ್ದಳು. ನಮ್ಮ ಗುಂಡ್ರುಕ್ ಇದೆಯಲ್ಲ, ಸೊಪ್ಪು ಹುಳಿಯಿಸಿ ಒಣಗಿಸಿ ಮಾಡುವ ಸಾರು, ಅದನ್ನು ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡು ಎರಡನೆಯ ಸಲವೂ ಹಾಕಿಸಿಕೊಂಡಳು. ಅಂದೇ ಅತ್ತೆ ಅವಳನ್ನು ಮನೆಮಗಳೆಂದು ತೀರ್ಮಾನಿಸಿದರು.

ನಾವು ದಕ್ಷಿಣ ಭೂತಾನಿನ ಬೆಟ್ಟದವರು, ನೇಪಾಳಿ ಮಾತಿನವರು. ಆ ದೇಶ ನೀವು ನಮ್ಮವರಲ್ಲ ಎಂದಿತು. ನೇಪಾಳ ಶಿಬಿರದಲ್ಲಿಟ್ಟುಕೊಂಡಿತೇ ಹೊರತು ನಮ್ಮವರು ಎನ್ನಲಿಲ್ಲ. ಹದಿನೆಂಟು ವರ್ಷ ಬಿದಿರು ಗುಡಿಸಲಲ್ಲಿ ಕಳೆದು ಒಹಾಯೊದ ಈ ಆಕ್ರನ್ ಊರಿಗೆ ಬಂದು ಬಿದ್ದೆವು. ಶಿಬಿರದಲ್ಲಿ ಹೆಸರು ಬರೆದುಕೊಂಡ ಗುಮಾಸ್ತ, ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ ಒಂದು ಎಂದು ಬರೆದುಬಿಟ್ಟಿದ್ದ. ಕಾಲೇಜಿನ ಹುಡುಗರಿಗೆ ಈ ಕಥೆ ತಿಳಿಯದು. ತರಗತಿಯ ಅಷ್ಟೂ ಮುದುಕರು ಒಂದೇ ದಿನ ಹುಟ್ಟಿದ್ದು ನೋಡಿ ಬೆರಗಾಗಿ, ಬಾಗಿಲಗಲದ ಕೇಕು ಮಾಡಿಸಿ ಎಲ್ಲರ ಹೆಸರನ್ನೂ ಬರೆಸಿ ತಂದಿದ್ದರಂತೆ. ಅತ್ತೆ ತಮ್ಮ ಪಾಲಿನ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಬಂದರು.

"ನಾನು ಹುಟ್ಟಿದ್ದು ಕಿತ್ತಳೆ ಹಣ್ಣಾಗೋ ಕಾಲಕ್ಕೆ," ಎಂದರು. "ಇರ್ಲಿ ಬಿಡು. ಹುಡುಗರು ಅಷ್ಟು ಖುಷಿಯಾಗಿದ್ರು, ಯಾಕೆ ಹೇಳ್ಲಿ."

ಅವರು ಪೆನ್ಸಿಲ್ ಹಿಡಿಯುವುದನ್ನು ನೋಡಬೇಕಿತ್ತು. ಹೆಬ್ಬೆರಳು ಒಂದು ಕಡೆ, ಕಿರುಬೆರಳು ಒಂದು ಕಡೆ, ಕುಡುಗೋಲು ಹಿಡಿದ ಹಾಗೆ. ಎಪ್ಪತ್ತು ವರ್ಷ ಅಕ್ಷರವೆಂಬುದನ್ನು ಮುಟ್ಟದ ಕೈ ಅದು. ಚಳಿಗಾಲ ಕಳೆಯುವುದರೊಳಗೆ ಅವರು ರೊಟ್ಟಿ ಹಿಟ್ಟಿನ ಮೇಲೆ, ಕಿಟಕಿಯ ಹಬೆಯ ಮೇಲೆ, ಮಗುವಿನ ಬೆನ್ನಿನ ಮೇಲೆ ಬೆರಳಲ್ಲಿ ಬರೆಯುತ್ತ ಓಡಾಡಿದರು. ಒಂದು ಬೆಳಿಗ್ಗೆ ಹಿಟ್ಟಿನ ಮಣೆಯ ಮೇಲೆ ಛಬಿಮಾಯಾ ಎಂದು ಇಂಗ್ಲಿಷಿನಲ್ಲಿ ತಮ್ಮ ಹೆಸರು ಪೂರ್ತಿ ಬರೆದು, ಅಳಿಸಲು ಮನಸ್ಸಾಗದೆ, ಆ ದಿನ ರೊಟ್ಟಿಯನ್ನೇ ಮಾಡಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಮಣೆಯನ್ನು ಯಾರ ಕೈಯೂ ತಾಗದ ಹಾಗೆ ಮೇಲೆತ್ತಿಟ್ಟೆ.

ಹೋಮನಾಥನಿಗೆ ಇದೆಲ್ಲ ಅತಿಯೆನಿಸುತ್ತಿತ್ತು. ನಾನು ಪಾಳಿ ಬಿಡುವುದು, ಸಂಜೆಗೆ ಅಡುಗೆ ಇಲ್ಲದಿರುವುದು, ಅರ್ಜಿಯ ಶುಲ್ಕ, ಎಲ್ಲ ಸೇರಿಸಿ ಮೂಗಿಗಿಂತ ಮೂಗುತಿ ಭಾರವಾಯಿತು ಎನ್ನುತ್ತಿದ್ದ. ಆದರೆ ಬೇಡವೆನ್ನುವಂತೆಯೂ ಇರಲಿಲ್ಲ. ನಿರಾಶ್ರಿತರಾಗಿ ಬಂದ ಮುದುಕರು ಏಳು ವರ್ಷದೊಳಗೆ ಇಲ್ಲಿಯ ಪ್ರಜೆಗಳಾಗದಿದ್ದರೆ ಸರ್ಕಾರ ಕೊಡುವ ತಿಂಗಳ ಹಣ ನಿಂತುಹೋಗುತ್ತದೆ. ನಮ್ಮ ಏಳನೆಯ ವರ್ಷ ನಡೆದಿತ್ತು. ಹಾಗಾಗಿ ಒಂದು ಭಾನುವಾರ ಅವನೇ ಕೂತು ಅಮ್ಮನ ಅರ್ಜಿ ತುಂಬಿ ಅಂಚೆಗೆ ಹಾಕಿದ್ದ.

ಅತ್ತೆಗೆ ಹಣದ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಪ್ರಜೆಯಾದರೆ ಏನೇನು ಸಿಗುತ್ತದೆ ಎಂದು ಒಮ್ಮೆ ಕೆಂಡ್ರಾಳನ್ನು ಕೇಳಿದರು. ಓಟು ಹಾಕಬಹುದು, ಪಾಸ್‌ಪೋರ್ಟ್ ಸಿಗುತ್ತದೆ, ಬೇರೆ ದೇಶದಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬಹುದು ಎಂದು ಅವಳು ಬೆರಳು ಮಡಿಸಿದಳು. ಕೊನೆಯದನ್ನು ಇನ್ನೊಮ್ಮೆ ಹೇಳು ಎಂದರು ಅತ್ತೆ. ಹೇಳಿದಳು. ಮತ್ತೂ ಒಮ್ಮೆ ಹೇಳಿಸಿಕೊಂಡರು. ಕಿವಿ ಮಂದವಾಗುತ್ತಿದೆಯೇನೋ ಎಂದುಕೊಂಡು ನಾನು ಪಾತ್ರೆ ತೊಳೆಯಲು ಹೋದೆ.

ಮಾವನನ್ನು ನಾನು ಕಂಡಿಲ್ಲ. ಭೂತಾನಿನಲ್ಲಿ ಗಲಾಟೆಯಾದ ವರ್ಷ ಊರಿಗೆ ಊರೇ ಲಾರಿ ಹತ್ತಿದಾಗ, ಕೊಟ್ಟಿಗೆಯಲ್ಲಿ ದನ ಕಟ್ಟಿದಂತೆಯೇ ಇವೆ ಎಂದು ಅವರಿಗೆ ನೆನಪಾಯಿತಂತೆ. "ನೀವು ನಡೀರಿ, ದನ ಬಿಚ್ಚಿ ಬರ್ತೀನಿ," ಎಂದು ಗುಡ್ಡ ಹತ್ತಿದವರು ಮತ್ತೆ ಬರಲಿಲ್ಲ. ಆಗ ಹೋಮನಾಥ ಎಂಟು ವರ್ಷದವನು. ಅವರು ಬದುಕಿದ್ದಾರೆಂದಾಗಲಿ ಇಲ್ಲವೆಂದಾಗಲಿ ಯಾರೂ ಹೇಳಿಲ್ಲ. ಅತ್ತೆ ಬೈತಲೆಯ ಕುಂಕುಮ ಅಳಿಸಿಲ್ಲ, ಕೊರಳಿನ ಪೋತೆ ಮಣಿಸರ ತೆಗೆದಿಲ್ಲ.

ಜೂನ್ ತಿಂಗಳಲ್ಲಿ ಸಂದರ್ಶನಕ್ಕೆ ಕರೆ ಬಂತು. ಒಳಗೆ ಅವರೊಬ್ಬರನ್ನೇ ಬಿಡುವುದು. ನಾನೂ ಹೋಮನಾಥನೂ ಹೊರಗೆ ಬೆಂಚಿನ ಮೇಲೆ ಕೂತೆವು. ಕೆಂಪು ಸೀರೆ ಉಟ್ಟು ಮದುಮಗಳ ಹಾಗೆ ಒಳಹೋದವರು ಮುಖದಲ್ಲಿ ರಕ್ತವಿಲ್ಲದೆ ಹೊರಬಂದರು. ಏನಾಯಿತೆಂದರೆ, "ಅವನು ಕೇಳ್ದ, ನಾನು ಹೇಳ್ದೆ, ಅವನಿಗೆ ಹಿಡಿಸ್ಲಿಲ್ಲ," ಎಂದಷ್ಟೇ ಹೇಳಿ ಕಾರಿನಲ್ಲಿ ಕೂತರು. ಕೈಯಲ್ಲಿ ಕೊಟ್ಟ ಕಾಗದದಲ್ಲಿ, ಪರೀಕ್ಷೆಯ ಪ್ರಶ್ನೆಗಳೆಲ್ಲ ಸರಿ, ಓದಿದ್ದು ಬರೆದದ್ದು ಸರಿ, ಆದರೆ ತಮ್ಮದೇ ಅರ್ಜಿಯ ವಿವರ ಕೇಳಿದಾಗ ಇಂಗ್ಲಿಷಿನಲ್ಲಿ ಸರಿಯಾಗಿ ಉತ್ತರಿಸಲಿಲ್ಲ ಎಂದಿತ್ತು. ಸೆಪ್ಟೆಂಬರಿನಲ್ಲಿ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಶುಲ್ಕ, ಮತ್ತೆ ವರ್ಷಗಟ್ಟಲೆ ಕಾಯುವುದು.

ಅಂದು ಊಟಕ್ಕೆ ಕೂತಾಗ ಹೋಮನಾಥ ಡಾಕ್ಟರರ ಚೀಟಿಯ ಮಾತು ತೆಗೆದ. ಮುದುಕರಿಗೆ ಮರೆವು, ತಲೆಗೆ ಏನೂ ಹತ್ತುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ಇಂಗ್ಲಿಷೂ ಬೇಡ, ಪ್ರಶ್ನೆಗಳೂ ಬೇಡ. ನಿಜವಾಗಿ ಕಾಯಿಲೆಯಿದ್ದವರಿಗೆ ಅದೊಂದು ಪುಣ್ಯದ ದಾರಿ.

"ನಿನಗೆ ಆಗಲ್ಲಮ್ಮ. ಗಿಣಿಪಾಠ ಒಪ್ಪಿಸ್ತೀಯ, ತಿರುಗಿಸಿ ಕೇಳಿದ್ರೆ ಗೊತ್ತಾಗಲ್ಲ. ಡಾಕ್ಟರ್ ಹತ್ರ ಹೋಗೋಣ."

"ಏನಂತ ಬರೀತಾನೆ ಅವನು?"

"ಮರೆವು ಅಂತ. ಅಷ್ಟೇ."

ಅತ್ತೆ ಎಂಜಲು ಕೈ ತಟ್ಟೆಯ ಮೇಲೇ ಇಟ್ಟು ಮಗನನ್ನು ನೋಡಿದರು. "ನಮ್ಮ ಹೊಲದ ಗಡಿಕಲ್ಲು ಎಲ್ಲೆಲ್ಲಿತ್ತು ಹೇಳ್ಲಾ? ಕಟ್ಟಿದ್ದ ದನಗಳ ಹೆಸರು ಹೇಳ್ಲಾ? ನಾನು ಮರೀಲಿ ಅಂತ ಎಷ್ಟೋ ಜನ ಕಾದ್ರು ಕಣೋ. ನಾನು ಮರೀಲಿಲ್ಲ. ಈಗ ಮರ್ತಿದ್ದೀನಿ ಅಂತ ಕಾಗದ ಬರೆಸಿ ಹೆಬ್ಬೆಟ್ಟು ಒತ್ತಬೇಕಾ? ನನ್ನ ಹೆಸರು ಬರೆಯೋಕೆ ಬರುತ್ತೆ ನನಗೆ."

ಅಲ್ಲಿಗೆ ಆ ಮಾತು ನಿಂತಿತು. ಆದರೆ ಅಂದಿನಿಂದ ಅತ್ತೆ ಬೇರೆಯೇ ಆದರು. ಕೆಂಡ್ರಾ ಬೇಸಿಗೆಯ ರಜೆಗೆ ತನ್ನ ಊರಿಗೆ ಹೋಗಿದ್ದಳು. ಅತ್ತೆಗೆ ಊಟ ಸೇರದು. ಕಿಟಕಿಯ ಬಳಿ ಕೂತರೆ ಕೂತೇ ಇರುವರು. ಕುಂಕುಮ ಮಾತ್ರ ದಿನದಿನಕ್ಕೆ ಹೆಚ್ಚುತ್ತ ಹೋಯಿತು, ಬೈತಲೆಯಿಂದ ಹಣೆಗಿಳಿಯುವಷ್ಟು. ಭಾದ್ರಪದ ತದಿಗೆಯ ತೀಜ್ ಬಂತು. ಗಂಡನ ಆಯುಷ್ಯಕ್ಕೆಂದು ಹೆಂಡತಿಯರು ಉಪವಾಸ ಮಾಡುವ ಹಬ್ಬ. ನಾನು ಮಧ್ಯಾಹ್ನಕ್ಕೇ ಹಾಲು ಬಾಳೆಹಣ್ಣು ತಿಂದು ಕೈತೊಳೆದುಕೊಂಡೆ. ಅತ್ತೆ ಹನಿ ನೀರು ಮುಟ್ಟಲಿಲ್ಲ. ಮುಟ್ಟದಿದ್ದರೆ ಹೋಗಲಿ, ನಮ್ಮವರೆಲ್ಲ ಸೇರಿದ್ದ ಸಭಾಭವನದಲ್ಲಿ ಕೆಂಪು ಸೀರೆಯ ಸೆರಗು ಕಟ್ಟಿ ಕುಣಿಯತೊಡಗಿದರು. ಹರೆಯದ ಹೆಣ್ಣುಮಕ್ಕಳು ಸುಸ್ತಾಗಿ ಕೂತರೂ ಅವರು ಕೂರಲಿಲ್ಲ. ಹಾಡುವವರು ನಿಲ್ಲಿಸಿದರೂ ಪಾದ ನಿಲ್ಲಲಿಲ್ಲ. ಯಾರದೋ ಕೈಯಿಂದ ಯಾರನ್ನೋ ಕಿತ್ತುಕೊಳ್ಳುವ ಹಾಗೆ ಕುಣಿಯುತ್ತಿದ್ದರು. ನನಗೆ ಭಯವೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು.

ಹಬ್ಬ ಕಳೆದ ವಾರ ಕೆಂಡ್ರಾ ಮರಳಿ ಬಂದಳು. ನಾನು ಒಲೆಯ ಮುಂದೆ ಸೆಲ್ ರೋಟಿ, ಅಕ್ಕಿ ಹಿಟ್ಟಿನ ಬಳೆಯಂಥ ಸಿಹಿ ರೊಟ್ಟಿ, ಕರಿಯುತ್ತಿದ್ದೆ. ಅವಳು ಅಡುಗೆಮನೆಯ ಮೇಜಿನ ಮೇಲೆ ಅರ್ಜಿಯ ಪ್ರತಿ ಹರಡಿಕೊಂಡು ತಾನೇ ಅಧಿಕಾರಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಅವಳು ಕೇಳುವುದು, ಅತ್ತೆ ಉತ್ತರಿಸುವುದು, ಎಲ್ಲ ಇಂಗ್ಲಿಷಿನಲ್ಲಿ. ವಿಳಾಸ ಸರಿ. ಮಕ್ಕಳು ಎಷ್ಟು, ಸರಿ. ಯಾವತ್ತಾದರೂ ಜೈಲಿಗೆ ಹೋಗಿದ್ದೀರಾ ಎಂಬುದಕ್ಕೆ, ಇಲ್ಲ, ಅಡುಗೆಮನೆಗೆ ಮಾತ್ರ ಎಂದರು.

"ನೀವು ವಿಧವೆ, ಅಲ್ವಾ?" ಎಂದಳು ಕೆಂಡ್ರಾ, ಕಾಗದ ನೋಡಿಕೊಂಡು.

"ಅಲ್ಲ."

"ವಿಧವೆ ಅಂದ್ರೆ ಗಂಡ ತೀರ್ಕೊಂಡವರು ಅಂತ."

"ಗೊತ್ತು. ನೀನೇ ಕಲಿಸಿದ್ದು. ಅಲ್ಲ." ಅತ್ತೆ ಮೇಜಿನ ಮೇಲೆ ಮುಂದಕ್ಕೆ ಬಾಗಿದರು. "ಅವನೂ ಇದನ್ನೇ ಕೇಳ್ದ. ಯಾರು ಹೇಳಿದ್ರು ನಿಮಗೆಲ್ಲ? ಸರ್ಕಾರಕ್ಕೆ ಕಾಗದ ಬಂದಿದೆಯಾ? ಯಾವಾಗ ಹೋದ್ರು? ನನಗೆ ಯಾಕೆ ಹೇಳ್ತಿಲ್ಲ?"

ಕೆಂಡ್ರಾ ಕಂಗಾಲಾಗಿ ಕಾಗದವನ್ನು ಅತ್ತೆಯ ಕಡೆ ತಿರುಗಿಸಿದಳು. ವಿಧವೆ ಎಂಬ ಖಾನೆಯಲ್ಲಿ ಗುರುತು ಇತ್ತು. ಸರ್ಕಾರಕ್ಕೆ ಯಾವ ಸುದ್ದಿಯೂ ಬಂದಿಲ್ಲ, ಇದು ನಿಮ್ಮ ಮನೆಯಿಂದಲೇ ಹೋದ ಅರ್ಜಿ ಎಂದು ಮೆಲ್ಲಗೆ ಹೇಳಿದಳು. ಅತ್ತೆ ಆ ಗುರುತಿನ ಮೇಲೆ ಬೆರಳಿಟ್ಟರು, ಅದರ ಪಕ್ಕದ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು ಮೇಜಿನ ಮೇಲೆ ಹಣೆಯಿಟ್ಟರು. ಎಣ್ಣೆಯಲ್ಲಿದ್ದ ರೋಟಿ ಕಪ್ಪಾಗಿಹೋಯಿತು.

ನಾನು ಒಲೆ ಆರಿಸಿದೆ. ಇವರಿಗೆ ಇಂಗ್ಲಿಷ್ ತಿಳಿಯದೆ ತಪ್ಪಿದ್ದಲ್ಲ. ತಿಳಿದದ್ದರಿಂದ ತಪ್ಪಿದ್ದು. ಅಷ್ಟು ದೊಡ್ಡ ಕಚೇರಿಯಲ್ಲಿ, ಅಷ್ಟು ದೊಡ್ಡ ಅಧಿಕಾರಿಯ ಮುಂದೆ, ಪೌರತ್ವವೇ ಕೈತಪ್ಪುವ ಹೊತ್ತಿನಲ್ಲಿ ಒಂದು ಸಲ ಹೌದೆಂದಿದ್ದರೆ ಮುಗಿಯುತ್ತಿತ್ತು. ಈ ಹೆಂಗಸು ಅಲ್ಲ ಎಂದು ಬಂದಿದ್ದರು.

ಹೋಮನಾಥ ಕೆಲಸದಿಂದ ಬಂದು ಊಟಕ್ಕೆ ಕೂರುವವರೆಗೂ ಅತ್ತೆ ಕಾದರು. ಅನ್ನ ಬಡಿಸಿ, ಬೇಳೆ ಹಾಕಿ, ಎದುರಿಗೆ ಕೂತು ಕೇಳಿದರು.

"ವಿಧವೆ ಅಂತ ಬರೆದವನು ನೀನಾ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೌದು."

"ಹೆಣ ನೋಡಿದ್ಯಾ?"

"ಇಪ್ಪತ್ತಾರು ವರ್ಷ ಆಯ್ತಮ್ಮ. ಹನ್ನೆರಡು ವರ್ಷ ಕಾಣದೇ ಹೋದ್ರೆ ದರ್ಭೆ ಪ್ರತಿಮೆ ಮಾಡಿ ಸುಟ್ಟು ಕರ್ಮ ಮಾಡ್ಬೇಕು ಅಂತ ಶಾಸ್ತ್ರನೇ ಹೇಳುತ್ತೆ. ನೀನು ಬಿಡ್ಲಿಲ್ಲ. ಒಂದು ಪಿಂಡ ಇಟ್ಟಿಲ್ಲ ನಾನು. ಅಪ್ಪನಿಗೆ ಅಂತ ಒಂದು ಸಲ ತಲೆ ಬೋಳಿಸಿಲ್ಲ. ನಾನು ಎಂಥಾ ಮಗ ಹೇಳು?"

"ಎರಡು ತಿಂಗಳು ನಾನು ಏನಂದ್ಕೊಂಡಿದ್ದೆ ಗೊತ್ತಾ ನಿಂಗೆ? ಮನೆಯವರಿಗೆ ಸುದ್ದಿ ಬಂದಿದೆ, ಮುದುಕಿ ಹೆದರ್ತಾಳೆ ಅಂತ ಮುಚ್ಚಿಟ್ಟಿದ್ದಾರೆ ಅಂದ್ಕೊಂಡಿದ್ದೆ. ನಿಮ್ಮನ್ನ ಕೇಳೋಕೂ ಭಯ ಆಯ್ತು. ಕೇಳಿ, ಹೌದು ಅಂದ್ಬಿಟ್ರೆ? ಎರಡು ತಿಂಗಳು ಅವರನ್ನ ದಿನಾ ಸಾಯಿಸ್ದೆ, ದಿನಾ ಬದುಕಿಸ್ದೆ."

ಹೋಮನಾಥ ಎಡಗೈಯಿಂದ ಕಣ್ಣೊರೆಸಿಕೊಂಡ. ಅವನು ಅಳುವುದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ.

"ನಾನೇನು ಮಾಡ್ಲಮ್ಮ. ಮದುವೆ ಆಗಿದೆ ಅನ್ನೋಕೆ ಒಂದು ಖಾನೆ, ವಿಧವೆ ಅನ್ನೋಕೆ ಒಂದು, ಬಿಟ್ಟಿದ್ದಾರೆ ಅನ್ನೋಕೆ ಒಂದು. ದನ ಬಿಚ್ಚೋಕೆ ಹೋಗಿದ್ದಾರೆ ಅನ್ನೋಕೆ ಖಾನೆನೇ ಇರ್ಲಿಲ್ಲ."

ಅತ್ತೆ ಎದ್ದು ಅವನ ತಟ್ಟೆಗೆ ಬಿಸಿ ಬೇಳೆ ಹಾಕಿ ಮತ್ತೆ ಕೂತರು.

ಅರ್ಜಿಯ ತಪ್ಪನ್ನು ಸಂದರ್ಶನದಲ್ಲೇ ಹೇಳಿ ತಿದ್ದಿಸಬಹುದು ಎಂದಳು ಕೆಂಡ್ರಾ. ಆದರೆ ಹೇಳಬೇಕಾದವರು ಅತ್ತೆಯೇ, ಅದೂ ಇಂಗ್ಲಿಷಿನಲ್ಲಿ. ಗಂಡನಿದ್ದಾನೆ ಎಂದ ಕೂಡಲೇ ಅಧಿಕಾರಿ ಗಂಡನ ಹೆಸರು ಕೇಳುತ್ತಾನೆ. ಅದನ್ನು ಅಭ್ಯಾಸ ಮಾಡೋಣ ಎಂದು ಅವಳು ಕೇಳಿದರೆ ಅತ್ತೆ ಬಾಯಿಗೆ ಸೆರಗು ಹಿಡಿದರು. ಮತ್ತೆ ಕೇಳಿದರೆ ಗೋಡೆಯ ಕಡೆ ತಿರುಗಿದರು. ಕಳೆದ ಸಲವೂ ಹೀಗೇ ಮಾಡಿರಬೇಕು ಎಂದು ನನಗೆ ಹೊಳೆಯಿತು. ನಮ್ಮಲ್ಲಿ ಆ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ, ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಕೆಂಡ್ರಾಳಿಗೆ ತಿಳಿಸಿದೆ. ನಾನು ಹೋಮನಾಥನನ್ನು ಹೆಸರು ಹಿಡಿದೇ ಕರೆಯುವವಳು. ಮೊದಮೊದಲು ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಶಿಬಿರದಲ್ಲಿ ಪಡಿತರದ ಸಾಲಿನಲ್ಲಿ ಗಂಡನ ಹೆಸರು ಕೇಳಿದರೆ ಹಿಂದೆ ನಿಂತವರು ಯಾರಾದರೂ ಹೇಳಿಬಿಡುತ್ತಿದ್ದರು. ಈ ಕಚೇರಿಯಲ್ಲಿ ಹಿಂದೆ ನಿಲ್ಲುವವರಿಲ್ಲ.

"ಇಂಗ್ಲಿಷಲ್ಲಿ ಹೇಳಿದ್ರೂ ಹಾಗೇನಾ?" ಎಂದಳು ಕೆಂಡ್ರಾ.

"ಇಂಗ್ಲಿಷಲ್ಲಿ ಸತ್ರೆ ಬದುಕಿ ಬರ್ತಾರಾ ಅಂತ ಕೇಳು," ಎಂದರು ಅತ್ತೆ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಸಂದರ್ಶನಕ್ಕೆ ವಾರ ಉಳಿದಿತ್ತು. ಮನೆಯಲ್ಲಿ ಎಲ್ಲರೂ ಸೋತು ಕೂತೆವು. ಈ ಸಲ ಹೋಮನಾಥ ಡಾಕ್ಟರರ ಹೆಸರೆತ್ತಲಿಲ್ಲ.

ಆ ಸೋಮವಾರ ಬೆಳಿಗ್ಗೆ ನಾನು ಅಸ್ಮಿಯ ಶಾಲೆಯ ಡಬ್ಬಿ ತುಂಬುತ್ತಿದ್ದೆ. ಅವಳು ಹಾಲು ತೆಗೆಯಲು ಫ್ರಿಜ್ಜಿನ ಬಳಿ ಹೋದವಳು ಹಾಗೇ ನಿಂತಳು. ಫ್ರಿಜ್ಜಿನ ಬಾಗಿಲಿಗೆ ಚಿಕ್ಕವನ ಪ್ಲಾಸ್ಟಿಕ್ ಅಕ್ಷರಗಳು ಅಂಟಿಕೊಂಡಿರುತ್ತವೆ, ಆಯಸ್ಕಾಂತದವು. ಯಾವಾಗಲೂ ಚೆಲ್ಲಾಪಿಲ್ಲಿ ಇರುತ್ತಿದ್ದ ಅವು ಅಂದು ಒಂದು ಸಾಲಾಗಿ ನಿಂತಿದ್ದವು. ಅಕ್ಷರ ಸಾಲದೆ ಬಂದ ಕಡೆ ಬೇರೊಂದನ್ನು ತಲೆಕೆಳಗಾಗಿ ನಿಲ್ಲಿಸಿ ಹೊಂದಿಸಲಾಗಿತ್ತು. ಅಸ್ಮಿ ಒಂದೊಂದನ್ನೇ ಕೂಡಿಸಿ ಓದಿದಳು.

"ಟಂಕ... ನಾಥ. ಟಂಕನಾಥ. ಅದ್ಯಾರಜ್ಜಿ?"

ಆ ಮನೆಯಲ್ಲಿ ಆ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಹೋಮನಾಥ ಅಪ್ಪ ಎನ್ನುತ್ತಿದ್ದ, ನಾನು ಮಾವ ಎನ್ನುತ್ತಿದ್ದೆ. ಶೂ ಕಟ್ಟುತ್ತಿದ್ದ ಹೋಮನಾಥ ಹಾಗೇ ಬಗ್ಗಿ ಉಳಿದ. ಅತ್ತೆ ಮೂಲೆಯ ಕುರ್ಚಿಯಲ್ಲಿದ್ದರು. 'ಅದ್ಯಾರು' ಎಂದು ಮೊಮ್ಮಗಳು ಕೇಳುತ್ತಲೇ ಸೆರಗೆಳೆದು ಮುಖ ಪೂರ್ತಿ ಮುಚ್ಚಿಕೊಂಡರು. ಒಳಗೆ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ, ಬುಲಾಕು ಮಾತ್ರ ಸೆರಗಿನ ಅಡಿಯಲ್ಲಿ ನಡುಗುವುದು ಕಾಣುತ್ತಿತ್ತು. ಹದಿನಾರರ ಹುಡುಗಿಯ ನಾಚಿಕೆ ಅದು.

"ನಿಮ್ಮಜ್ಜ ಕಣೆ," ಎಂದ ಹೋಮನಾಥ.

"ಬಾಯಿಗೆ ಬೇಡ ಅಂದಿದ್ದಾರೆ ಹಿರಿಯರು," ಎಂದರು ಅತ್ತೆ ಸೆರಗಿನೊಳಗಿಂದ. "ಕೈಗೆ ಬೇಡ ಅಂತ ಹೇಳಿಲ್ಲ. ಹೇಗೆ ಹೇಳ್ತಾರೆ? ನಮ್ಮ ಕೈಗೆ ಬರೆಯೋಕೆ ಬರುತ್ತೆ ಅಂತ ಅವರಿಗೆ ಕನಸಲ್ಲೂ ಗೊತ್ತಿರ್ಲಿಲ್ಲ."

ಸಂದರ್ಶನದಲ್ಲಿ ನಡೆದದ್ದನ್ನು ಅತ್ತೆ ಆಮೇಲೆ ನಮಗೆ ಅನ್ನ ಬಡಿಸುತ್ತ ಹೇಳಿದರು, ಒಂದು ಸಲವಲ್ಲ, ಅಕ್ಕಪಕ್ಕದವರು ಬಂದಾಗಲೆಲ್ಲ. ಅದೇ ಅಧಿಕಾರಿಯಂತೆ. ವಿಧವೆಯೇ ಎಂದನಂತೆ. ಅಲ್ಲ, ಮದುವೆಯಾಗಿದೆ, ಬರೆದದ್ದು ತಪ್ಪು, ಮಗ ತಪ್ಪು ತಿಳಿದ ಎಂದರಂತೆ. ಗಂಡನ ಹೆಸರು ಎಂದು ಅವನು ಕೇಳಿದಾಗ, ನಮ್ಮಲ್ಲಿ ಹೆಂಡತಿ ಹೇಳಬಾರದು, ಪೆನ್ನು ಕೊಡಿ ಎಂದು ಕೈ ಚಾಚಿದರಂತೆ. ಅವನು ಕೊಟ್ಟ. ಇವರು ಬರೆದರು. ತಲೆಕೆಳಗಾದ ಅಕ್ಷರವಿಲ್ಲದೆ, ಎಲ್ಲವೂ ನೆಟ್ಟಗೆ. ಅವನು ಅದನ್ನು ಗಟ್ಟಿಯಾಗಿ ಓದಿ, ಈಗ ಅವರು ಎಲ್ಲಿದ್ದಾರೆ ಎಂದನಂತೆ.

"ನೀವೇನಂದ್ರಿ?" ಎಂದೆ.

"ಗೊತ್ತಿಲ್ಲ, ಕಾಯ್ತಿದ್ದೀನಿ ಅಂದೆ. ಅವನು ಅದನ್ನೂ ಬರ್ಕೊಂಡ. ಆಮೇಲೆ ಎದ್ದು ನನ್ನ ಕೈ ಕುಲುಕ್ದ."

ಅಕ್ಟೋಬರಿನಲ್ಲಿ ಪ್ರಮಾಣವಚನ. ದೊಡ್ಡ ಸಭಾಂಗಣ, ಹೊಸ ಪ್ರಜೆಗಳು ಮುಂದೆ, ನಾವು ಹಿಂದೆ. ಕೆಂಡ್ರಾ ತರಗತಿ ತಪ್ಪಿಸಿ ಬಂದಿದ್ದಳು. ಒಂದೊಂದು ದೇಶದ ಹೆಸರು ಕೂಗುತ್ತಾರೆ, ಆ ದೇಶದಿಂದ ಬಂದವರು ಎದ್ದು ನಿಲ್ಲಬೇಕು. ಭೂತಾನ್ ಎಂದು ಕೂಗಿದರು. ನಮ್ಮವರು ನಾಲ್ಕೈದು ಮಂದಿ ಎದ್ದರು. ಅತ್ತೆ ಕುರ್ಚಿಯ ಬೆನ್ನು ಹಿಡಿಯದೆ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ನೀನು ನಮ್ಮವಳಲ್ಲ ಎಂದು ಹೊರಗಟ್ಟಿದ ದೇಶದ ಹೆಸರಿಗೆ ಅಷ್ಟು ನೆಟ್ಟಗೆ ನಿಲ್ಲುವ ಎದೆ ನನಗಂತೂ ಇಲ್ಲ. ಪಕ್ಕದಲ್ಲಿ ನೋಡಿದರೆ ಆಗಲೇ ಇಲ್ಲಿಯ ಪ್ರಜೆಯಾಗಿರುವ ಹೋಮನಾಥನೂ ಎದ್ದು ನಿಂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ.

ಪೌರತ್ವದ ಪತ್ರಕ್ಕೆ ಅತ್ತೆ ತಾವೇ ಸಹಿ ಹಾಕಿದರು. ಮನೆಗೆ ಬಂದ ಮೇಲೆ ಊಟದ ಮೇಜಿನ ಮೇಲೆ ಅದನ್ನಿಟ್ಟು ಹೋಮನಾಥ ಎಲ್ಲರಿಗೂ ಕೇಳುವ ಹಾಗೆ ಓದಿದ. ಹೆಸರು ಛಬಿಮಾಯಾ ದಹಾಲ್. ಹಿಂದೆ ಯಾವ ದೇಶದ ಪ್ರಜೆ ಎಂಬಲ್ಲಿ ಭೂತಾನ್. ಅಲ್ಲಿಂದ ಕೆಳಗಿನ ಸಾಲಿಗೆ ಬೆರಳಿಟ್ಟ. ಅಮ್ಮನ ಕಡೆ ನೋಡಿ ಓದಿದ: ಮದುವೆಯಾಗಿದೆ. ಭೂತಾನ್ ಕೊಡದಿದ್ದ ಮಾತನ್ನೂ, ನಾವು ಮನೆಯವರೇ ಕೊಡದಿದ್ದ ಮಾತನ್ನೂ ಈ ಒಂಟಿ ಮುದುಕಿ ಒಂದೇ ಹಾಳೆಯ ಮೇಲೆ ಬರೆಸಿಕೊಂಡು ಬಂದಿದ್ದರು.

ಅತ್ತೆ ಎಲ್ಲರಿಗೂ ಬಡಿಸಿದರು. ಕೆಂಡ್ರಾಳಿಗೆ ಗುಂಡ್ರುಕ್ ಸಾರು ಎರಡು ಸಲ. ಬಡಿಸಿ ಆದ ಮೇಲೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ಸಂದರ್ಶನಕ್ಕೆ ಕೂತವರ ಹಾಗೆ ಕೈಕಟ್ಟಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು.

"ಈಗ ನಾನು ಪ್ರಜೆ. ಪ್ರಜೆ ಆದವಳು ಗಂಡನ್ನ ಕರೆಸ್ಕೋಬಹುದು ಅಂತ ನೀನು ಹೇಳಿದ್ದೆ. ಆ ಅರ್ಜಿ ಎಲ್ಲಿ ಸಿಗುತ್ತೆ?"

ಕೆಂಡ್ರಾ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ. ಎಲ್ಲಿದ್ದಾರೆಂದು ತಿಳಿಯದವರಿಗೆ, ಇದ್ದಾರೆಂದೇ ತಿಳಿಯದವರಿಗೆ, ಯಾವ ವಿಳಾಸ ಬರೆಯುವುದು? ಯಾವ ಕಚೇರಿ ಅದನ್ನು ತೆಗೆದುಕೊಳ್ಳುತ್ತದೆ? ಅಕ್ಷರ ಕಲಿತದ್ದು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಡೆದದ್ದು, ನಮ್ಮೆಲ್ಲರ ಬಾಯಿಗೆ ಬಿದ್ದದ್ದು, ಎಲ್ಲ ಈ ಒಂದು ಪ್ರಶ್ನೆಗಾಗಿ ಎಂದು ನನಗೆ ಆಗ ತಿಳಿಯಿತು.

ಹೋಮನಾಥ ಎದ್ದು ಕೈ ತೊಳೆದುಕೊಂಡ, ಟವೆಲಿನಲ್ಲಿ ಒರೆಸಿಕೊಂಡು ಅಮ್ಮನ ಎದುರಿಗೆ ಬಂದು ಕೂತ.

"ಅರ್ಜಿ ನಾನು ತುಂಬ್ತೀನಮ್ಮ," ಎಂದ. "ಈ ಸಲ ಖಾನೆ ತಪ್ಪಲ್ಲ. ಹೆಸರು ಮಾತ್ರ ನೀನೇ ಬರಿ."